ಹೆಸರು ಮಾಡುವ ಕೆಲಸ

ಜೀವನದಲ್ಲಿ ಹೆಸರು ಮಾಡಬೇಕು ಅಂತ ಮನೆಯ ಹಿರಿಯರು ಹೇಳುತ್ತಿದ್ದರು. ಅವರ ಮಾತು ಮೀರಿಲ್ಲ. ದಿನಾ ಹೆಸರು ಮಾಡುತ್ತಿದ್ದೇನೆ, ಅದೂ ಸಗಟು ಲೆಕ್ಕದಲ್ಲಿ. ಕೊರತೆ ಒಂದೇ: ಮಾಡುವುದೆಲ್ಲ ಬೇರೆಯವರ ಹೆಸರು. ಏಕೆಂದರೆ ನಾನು ಸಿಸ್ಟಂ ಅಡ್ಮಿನ್. ಬೆಂಗಳೂರಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಿಗೆ ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರಟು ತೊಟ್ಟು, ಕೊರಳಿಗೆ ಟ್ಯಾಗು ತೂಗಿಕೊಂಡು ಹೊಸಬರು ಬರುತ್ತಾರಲ್ಲ, ಅವರು ಕಂಪ್ಯೂಟರಿನ ಮುಂದೆ ಕೂರುವ ಮೊದಲೇ ಅವರಿಗೊಂದು ಲಾಗಿನ್ ಹೆಸರು ಹುಟ್ಟಿರಬೇಕು. ಹುಟ್ಟಿಸುವವನು ನಾನು.

ಮನೆಯಲ್ಲಿ ನಾಮಕರಣವೆಂದರೆ ಎಷ್ಟು ಸಂಭ್ರಮ! ನಕ್ಷತ್ರ ನೋಡಬೇಕು, ಪಾದ ನೋಡಬೇಕು, ಅಜ್ಜನ ಹೆಸರೋ ಮನೆದೇವರ ಹೆಸರೋ ಅಂತ ಎರಡೂ ಕಡೆಯವರು ಮುಖ ದಪ್ಪ ಮಾಡಿಕೊಳ್ಳಬೇಕು, ಅಕ್ಕಿಯ ಮೇಲೆ ಬರೆಯಬೇಕು, ಸೋದರತ್ತೆ ಮಗುವಿನ ಕಿವಿಯಲ್ಲಿ ಉಸುರಬೇಕು. ಆಫೀಸಿನ ನಾಮಕರಣಕ್ಕೆ ಇಷ್ಟೆಲ್ಲ ರಗಳೆಯಿಲ್ಲ. ಎಚ್‌ಆರ್‌ನವರು ಶುಕ್ರವಾರ ಸಂಜೆ, ತಾವು ಮನೆಗೆ ಹೊರಡುವ ಹೊತ್ತು ನೋಡಿಕೊಂಡು, ಒಂದು ಎಕ್ಸೆಲ್ ಹಾಳೆ ಕಳಿಸುತ್ತಾರೆ. ನಾನೊಂದು ಸ್ಕ್ರಿಪ್ಟು ಓಡಿಸುತ್ತೇನೆ. ತೊಟ್ಟಿಲಿಲ್ಲ, ಕೋಸಂಬರಿಯಿಲ್ಲ. ಕಾಫಿ ಆರುವ ಮೊದಲೇ ಅಷ್ಟೂ ಜನರಿಗೆ ಹೆಸರು ಬಿದ್ದಿರುತ್ತದೆ. ಜಗಳ ಶುರುವಾಗುವುದು ಆಮೇಲೆ.

ಈ ಕಸುಬಿನವರಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಡೊಮೈನ್ ಅಂದರೆ ಒಂದು ಕಂಪನಿಯ ಎಲ್ಲ ಕಂಪ್ಯೂಟರುಗಳೂ ಒಂದೇ ದಾಖಲೆಯನ್ನು ನಂಬುವ ಏರ್ಪಾಡು. ಯಾರು ಒಳಗೆ ಬರಬಹುದು, ಯಾವ ಫೈಲು ತೆರೆಯಬಹುದು, ಯಾವ ಪ್ರಿಂಟರಿನಲ್ಲಿ ಮಗಳ ಶಾಲೆಯ ಪ್ರಾಜೆಕ್ಟನ್ನು ಕದ್ದು ಮುದ್ರಿಸಬಹುದು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ವಿಂಡೋಸ್ ಲೋಕದಲ್ಲಿ ಆ ದಾಖಲೆಯ ಹೆಸರು ಆಕ್ಟಿವ್ ಡೈರೆಕ್ಟರಿ. 2000ನೇ ಇಸವಿಯಲ್ಲಿ ವಿಂಡೋಸ್ 2000 ಜೊತೆ ಬಂತು, ಇವತ್ತಿಗೂ ಕದಲಿಲ್ಲ. ಸ್ಕ್ರಿಪ್ಟು ಅಂದರೆ ಈ ದಾಖಲೆಗೆ ಸಾಲಾಗಿ ಕೊಡುವ ಅಪ್ಪಣೆಗಳು. ಒಬ್ಬರ ಖಾತೆಯನ್ನು ಕೈಯಲ್ಲಿ ತೆರೆದರೆ ಕೆಲಸ, ನೂರು ಜನರದ್ದು ತೆರೆದರೆ ಶಿಕ್ಷೆ. ಆದ್ದರಿಂದ ಸ್ಕ್ರಿಪ್ಟು.

ಸ್ಕ್ರಿಪ್ಟಿಗೆ ಒಂದು ಗುಣವಿದೆ. ಅದು ನಮ್ಮ ಮಾತನ್ನು ಮೀರುವುದೇ ಇಲ್ಲ. ಮಕ್ಕಳಲ್ಲಿ ಈ ಗುಣವಿದ್ದರೆ ಸಂತೋಷ, ಯಂತ್ರದಲ್ಲಿದ್ದರೆ ಭಯ. ಹೆಸರೆಂದರೆ ಹೀಗೆಯೇ ಇರುತ್ತದೆ ಅಂತ ನಾವು ತಲೆಯಲ್ಲಿ ಇಟ್ಟುಕೊಂಡ ತಿಳಿವಳಿಕೆ ಏನಿದೆಯೋ, ಅದನ್ನೇ ಅದು ಕಣ್ಣುಮುಚ್ಚಿ ಸಾವಿರ ಜನರ ಮೇಲೆ ಪ್ರಯೋಗಿಸುತ್ತದೆ. ‘ಮೊದಲ ಪದ ಅವನ ಹೆಸರು, ಕೊನೆಯ ಪದ ಮನೆತನದ ಹೆಸರು, ನಡುವೆ ಒಂದು ಚುಕ್ಕಿ’ ಅಂತ ನಿಯಮ ಬರೆದವನಾರೋ. ಅವನ ಊರಿನಲ್ಲಿ ಅದು ಸರಿಯಾಗಿಯೇ ಇದ್ದಿರಬೇಕು. ಅದನ್ನು ತಂದು ಕರ್ನಾಟಕದ ಮೇಲೆ ಓಡಿಸಿ ನೋಡಿ ಸ್ವಾಮಿ.

ಹೊಸ ಸ್ಕ್ರಿಪ್ಟನ್ನು ಟೆಸ್ಟ್1, ಟೆಸ್ಟ್2 ಅಂತ ಸುಳ್ಳು ಹೆಸರು ಕೊಟ್ಟು ಪರೀಕ್ಷಿಸುವುದು ವಾಡಿಕೆ. ಟೆಸ್ಟ್1 ಎಂಬವನು ಯಾವತ್ತೂ ತಕರಾರು ಮಾಡುವುದಿಲ್ಲ, ಹಾಗಾಗಿ ಅವನನ್ನು ನಂಬಬಾರದು. ನಾನಾದರೆ ಕನ್ನಡದ ಎಂಟು ಜ್ಞಾನಪೀಠ ಪುರಸ್ಕೃತರನ್ನು ಸಾಲಾಗಿ ನಿಲ್ಲಿಸುತ್ತೇನೆ. ಮೊದಲು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ನಿಯಮದ ಪ್ರಕಾರ ಕುಪ್ಪಳಿ ಡಾಟ್ ಪುಟ್ಟಪ್ಪ. ಸ್ಕ್ರಿಪ್ಟು ಕುವೆಂಪು ಅವರನ್ನು ‘ಡಿಯರ್ ಕುಪ್ಪಳಿ’ ಅಂತ ಸ್ವಾಗತಿಸಿ ಪಾಸ್‌ವರ್ಡು ಕಳಿಸುತ್ತದೆ. ಆಮೇಲೆ ಕೋಟ ಶಿವರಾಮ ಕಾರಂತ. ಕೋಟ ಡಾಟ್ ಕಾರಂತ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರದು ಮಾಸ್ತಿ ಡಾಟ್ ಅಯ್ಯಂಗಾರ್. ಎರಡರಲ್ಲೂ ಊರು ಇದೆ, ಮನೆತನ ಇದೆ. ತಾಯಿ ಕರೆದ ಹೆಸರು ಮಾತ್ರ ನಾಪತ್ತೆ. ಶಿವರಾಮನೂ ಇಲ್ಲ, ವೆಂಕಟೇಶನೂ ಇಲ್ಲ. ಕಾರಂತರು ಇದನ್ನು ಕಂಡಿದ್ದರೆ ಐಟಿ ಹೆಲ್ಪ್‌ಡೆಸ್ಕಿಗೆ ಒಂದು ಪತ್ರ ಬರುತ್ತಿತ್ತು, ಅದನ್ನು ಓದಿದವನು ಆ ದಿನವೇ ರಾಜೀನಾಮೆ ಕೊಡುತ್ತಿದ್ದ.

ಇನ್ನು ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ. ಉಡುಪಿ ಡಾಟ್ ಅನಂತಮೂರ್ತಿ ಅಂತ ಇಂಗ್ಲಿಷಿನಲ್ಲಿ ಬರೆದರೆ ಚುಕ್ಕಿ ಸೇರಿ 19 ಅಕ್ಷರ. ಬಚಾವು. ಏಕೆ ಬಚಾವು ಅಂದರೆ, ಇಲ್ಲಿ ಖಾತೆಯ ಹೆಸರಿಗೆ 20 ಅಕ್ಷರದ ಮಿತಿಯಿದೆ. ಆ ಮಿತಿಗೆ ಸಿಕ್ಕಿಬಿದ್ದವರು ಚಂದ್ರಶೇಖರ ಕಂಬಾರರು. ಇಂಗ್ಲಿಷಿನಲ್ಲಿ ಚಂದ್ರಶೇಖರ್ 14, ಚುಕ್ಕಿ 1, ಕಂಬಾರ್ 6, ಒಟ್ಟು 21. ಒಂದು ಅಕ್ಷರ ಹೆಚ್ಚು. ಕತ್ತರಿ ಆಡಿಸಿದರೆ ಉಳಿಯುವುದು ಚಂದ್ರಶೇಖರ್ ಡಾಟ್ ಕಂಬ! ಗಿರೀಶ ಕಾರ್ನಾಡರೂ ವಿನಾಯಕ ಗೋಕಾಕರೂ ಯಾವ ಗಾಯವೂ ಇಲ್ಲದೆ ಪಾರು. ಇನ್ನು ಬೇಂದ್ರೆಯವರದು ಬೇರೆಯೇ ಲೀಲೆ. ದತ್ತಾತ್ರೇಯ ಡಾಟ್ ಬೇಂದ್ರೆ ಅಂದರೆ ಇಂಗ್ಲಿಷಿನಲ್ಲಿ 17. ಕಾವ್ಯನಾಮ ಅಂಬಿಕಾತನಯದತ್ತ ಅಂತ ಒಂದೇ ಉಸಿರಿಗೆ ಬರೆದರೂ 17. ಕೊನೆಗಾಲದಲ್ಲಿ ಸಂಖ್ಯೆಗಳ ಬೆನ್ನು ಹತ್ತಿದ್ದ ಕವಿ ಇದಕ್ಕೊಂದು ಅರ್ಥ ಹೇಳದೆ ಬಿಡುತ್ತಿರಲಿಲ್ಲ.

ಈ 20 ಎಲ್ಲಿಂದ ಬಂತು ಅಂತ ಕೇಳಿದರೆ ಇನ್ನೂ ಮಜಾ. ವಿಂಡೋಸ್ ಎನ್‌ಟಿ, ವಿಂಡೋಸ್ 95, ಅದಕ್ಕೂ ಹಿಂದಿನ ಲ್ಯಾನ್ ಮ್ಯಾನೇಜರ್ ಎಂಬ ಹಿರಿಯರಿಗೆ ಅದಕ್ಕಿಂತ ಉದ್ದದ ಹೆಸರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವರ ಮನಸ್ಸು ನೋಯಬಾರದು ಅಂತ ಮಿತಿ ಇಟ್ಟರು. ಹಿರಿಯರೆಲ್ಲ ತೀರಿಕೊಂಡು ಕಾಲವಾಯಿತು, ಮಿತಿ ಇನ್ನೂ ಜೀವಂತ. ಇವತ್ತು ಹೊಸ ಖಾತೆ ತೆರೆಯುವ ಕಿಟಕಿಯಲ್ಲೂ ಆ ಜಾಗದ ಪಕ್ಕದಲ್ಲಿ ‘ಪ್ರೀ-ವಿಂಡೋಸ್ 2000’ ಅಂತಲೇ ಬರೆದಿದೆ. ಅಂದರೆ 2003ರಲ್ಲಿ ಹುಟ್ಟಿದ ಹುಡುಗಿ ಕೆಲಸಕ್ಕೆ ಸೇರಿದರೆ, ಅವಳು ಹುಟ್ಟುವ ಮೊದಲೇ ಹಳತಾಗಿದ್ದ ಯಂತ್ರಗಳಿಗೆ ಬೇಜಾರಾಗದಂತೆ ಅವಳ ಹೆಸರನ್ನು ಕತ್ತರಿಸುತ್ತೇವೆ. ಯುನಿಕ್ಸಿನವರು ಇದನ್ನು ನೋಡಿ ನಗಬೇಕಾಗಿಲ್ಲ. ಹಳೆಯ ಯುನಿಕ್ಸುಗಳಲ್ಲಿ 8 ಅಕ್ಷರಕ್ಕೇ ಬಾಗಿಲು ಮುಚ್ಚುತ್ತಿತ್ತು, ಅಲ್ಲಿ ನಮ್ಮ ಮಂಜುನಾಥ ‘ಮಂಜುನಾಟ್’ ಆಗಿ ಒಳಗೆ ಹೋಗುತ್ತಿದ್ದ.

‘ಕನ್ನಡದಲ್ಲೇ ಬರೆದುಬಿಡಿ, ಸಮಸ್ಯೆ ಮುಗಿಯಿತು’ ಅಂತ ನವೆಂಬರ್ ತಿಂಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಯಂತ್ರಕ್ಕೇನೂ ಅಭ್ಯಂತರವಿಲ್ಲ, ಅದು ಯೂನಿಕೋಡ್ ಬಲ್ಲದು. ಆದರೆ ಅದು ಎಣಿಸುವ ರೀತಿ ನಮ್ಮ ಮೇಷ್ಟರ ರೀತಿಯಲ್ಲ. ಲಕ್ಷ್ಮಿ ಅಂದರೆ ನಮ್ಮ ಕಣ್ಣಿಗೆ ಎರಡು ಅಕ್ಷರ. ಯಂತ್ರ ಅದನ್ನು ಬಿಚ್ಚಿ ಲ, ಕ, ಒಂದು ಹಲಂತ, ಷ, ಇನ್ನೊಂದು ಹಲಂತ, ಮ, ಗುಡಿಸು ಅಂತ ಏಳು ಎಣಿಸುತ್ತದೆ. ಆದರೂ ಕಂಬಾರರಿಗೆ ಲಾಭವೇ. ಚಂದ್ರಶೇಖರ, ಚುಕ್ಕಿ, ಕಂಬಾರ ಎಲ್ಲ ಸೇರಿ ಕನ್ನಡದಲ್ಲಿ 15, ಕತ್ತರಿ ಹತ್ತಿರ ಬರುವಂತಿಲ್ಲ. ಮಾಸ್ತಿಯವರಿಗೆ ಆ ಅದೃಷ್ಟವಿಲ್ಲ. ಅವರ ಮೂರೂ ಪದಗಳನ್ನು ಚುಕ್ಕಿಯಿಟ್ಟು ಜೋಡಿಸಿದರೆ ಇಂಗ್ಲಿಷಿನಲ್ಲೂ 24, ಕನ್ನಡದಲ್ಲೂ 24. ಮಾಸ್ತಿ ಕನ್ನಡದ ಆಸ್ತಿ ನಿಜ, ಆದರೆ ಆಸ್ತಿ ನೋಂದಣಿಗೆ ಜಾಗ ಸಾಲದು.

ಊರಿನ ಹೆಸರು ಮುಂದಿರುವವರದು ಹೀಗಾದರೆ, ಹುಬ್ಬಳ್ಳಿ ಧಾರವಾಡದ ಕಡೆಯವರದು ಇನ್ನೊಂದು ಕತೆ. ಅವರಿಗೆ ಅಡ್ಡಹೆಸರಿನ ಬಡತನವಿಲ್ಲ. ಹಂಚಿಕೊಂಡ ಫೋಲ್ಡರೊಂದನ್ನು ಯಾರು ಯಾರು ತೆರೆಯಬಹುದು ಅಂತ ಪಟ್ಟಿ ತೆಗೆದರೆ ಅಕ್ಕಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಬರುತ್ತದೆ. ಹೊರರಾಜ್ಯದ ಆಡಿಟರ್ ಮಹಾಶಯರಿಗೆ ಯಾರಾದರೂ ಅರ್ಥ ಹೇಳಿಕೊಟ್ಟರೆ, ಸೆಕ್ಯುರಿಟಿ ಗ್ರೂಪು ಕೇಳಿದರೆ ಕ್ಯಾಂಟೀನಿನ ದಿನಸಿ ಪಟ್ಟಿ ಯಾಕೆ ಕೊಟ್ಟಿರಿ ಅಂತ ಕೇಳದೆ ಇರುವುದಿಲ್ಲ.

ಹಳೇ ಮೈಸೂರಿನವರಿಗೆ ಅಡ್ಡಹೆಸರೇ ಇಲ್ಲ, ಬರೀ ಇನಿಷಿಯಲ್ಲು. ಎಚ್‌ಆರ್ ಫಾರಮ್ಮಿನಲ್ಲಿ ‘ಲಾಸ್ಟ್ ನೇಮ್’ ತುಂಬದೆ ಮುಂದಕ್ಕೆ ಬಿಡುವುದಿಲ್ಲವಾದ್ದರಿಂದ ಮಂಜುನಾಥ ಎನ್ ಅಂತ ತುಂಬುತ್ತಾರೆ. ಶಿಸ್ತಿನ ಮನುಷ್ಯನಾದರೆ ಎನ್ ಮುಂದೆ ಚುಕ್ಕಿಯನ್ನೂ ಇಡುತ್ತಾನೆ. ಸ್ಕ್ರಿಪ್ಟು ಆ ಚುಕ್ಕಿಯ ಬೆನ್ನಿಗೇ @ ಅಂಟಿಸಿ ಇಮೇಲ್ ವಿಳಾಸ ಮಾಡುತ್ತದೆ. @ ಗುರುತಿಗೆ ಒತ್ತಿಕೊಂಡು ಚುಕ್ಕಿ ಕೂರುವಂತಿಲ್ಲ ಎಂಬುದು ಇಮೇಲ್ ಲೋಕದ ಕಾನೂನು, ವಿಳಾಸ ತಿರಸ್ಕೃತ. ನಡುವಿನ ಹೆಸರನ್ನೂ ಸೇರಿಸುವ ಸ್ಕ್ರಿಪ್ಟಾದರೆ, ಆ ಜಾಗ ಖಾಲಿ ಬಿಟ್ಟಾಗ ಎರಡು ಚುಕ್ಕಿ ಅಕ್ಕಪಕ್ಕ ಬರುತ್ತವೆ, ಅದೂ ಅಪರಾಧವೇ. ಇನ್ನು ಕೆಲವರು ‘ಫಸ್ಟ್ ನೇಮ್’ ಜಾಗದಲ್ಲಿ ಶ್ರೀಮತಿ ಅಂತ ತುಂಬಿರುತ್ತಾರೆ. ಡಾಕ್ಟರೇಟು ಪಡೆದವರು ಡಾ. ಬಿಟ್ಟು ಉಸಿರಾಡುವುದೇ ಇಲ್ಲ. ಆ ತಿಂಗಳು ಕಂಪನಿಗೆ ಶ್ರೀಮತಿ ಡಾಟ್ ರಾವ್, ಡಾ ಡಾಟ್ ರಾವ್ ಎಂಬ ದಂಪತಿ ಸೇರಿದಂತೆ ಕಾಣುತ್ತದೆ.

ಸಮುದ್ರ ದಾಟಿದರೆ ಈ ಕಾಟ ತಪ್ಪೀತೇ? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ‘ಗಿವನ್ ನೇಮ್’ ಜಾಗ ಖಾಲಿಯಿದ್ದರೆ, ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ ಎಫ್‌ಎನ್‌ಯು ಅಂತ ಮುದ್ರೆ ಬೀಳುತ್ತದೆ. ‘ಫಸ್ಟ್ ನೇಮ್ ಅನ್‌ನೋನ್’. ಅದೇ ಅಲ್ಲಿನ ಕಂಪನಿಯ ಡೊಮೈನಿಗೂ ಇಳಿಯುತ್ತದೆ. ನಮ್ಮ ಊರಿನ ಒಬ್ಬ ಮಂಜುನಾಥ, ತಮಿಳುನಾಡಿನ ಒಬ್ಬ ಮುರುಗನ್, ಇಬ್ಬರಿಗೂ ಅಲ್ಲಿ ಒಂದೇ ಹೆಸರು: ‘ಹಾಯ್ ಎಫ್‌ಎನ್‌ಯು’. ಕಾವೇರಿ ವಿಷಯದಲ್ಲಿ ಆಗದ ಒಮ್ಮತ ಇಲ್ಲಿ ಆಗಿಹೋಯಿತು.

ಮಂಗಳೂರಿನ ಡಿಸೋಜ, ಡಿಕುನ್ಹ, ಡಿಮೆಲ್ಲೊ ಬಾಂಧವರದು ಬೇರೆ ಪಾಡು. ಕನ್ನಡದಲ್ಲಿ ಬರೆದರೆ ಯಾವ ಗೊಡವೆಯೂ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ಡಿ ಆದಮೇಲೆ ನೆತ್ತಿಯಲ್ಲಿ ಒಂದು ಪುಟ್ಟ ಕೊಂಬು. ಸ್ಕ್ರಿಪ್ಟಿನ ಭಾಷೆಯಲ್ಲಿ ಆ ಕೊಂಬಿನ ಅರ್ಥ ‘ಹೆಸರು ಇಲ್ಲಿಗೆ ಮುಗಿಯಿತು’. ಹಾಗಾಗಿ ಡಿ ಎಂಬ ಒಂದಕ್ಷರದ ಮನುಷ್ಯನನ್ನು ಹಿಡಿದುಕೊಂಡು, ಉಳಿದ ಸೋಜವನ್ನು ಅಪ್ಪಣೆಯೆಂದು ಓದಲು ಹೋಗಿ ಯಂತ್ರ ಕೆಂಪು ಅಕ್ಷರದಲ್ಲಿ ಕಿರುಚುತ್ತದೆ. ಪರಿಹಾರ ಸುಲಭ, ಒಂದು ಕೊಂಬಿನ ಜಾಗದಲ್ಲಿ ಎರಡು ಕೊಡಬೇಕು, ಆಗ ಅದು ಒಂದೆಂದು ಓದಿಕೊಳ್ಳುತ್ತದೆ.

ಇನ್ನು ಹೆಸರು ಹುಡುಕುವ ಕೆಲಸ. ಲಕ್ಷ್ಮಿಯನ್ನು ಹುಡುಕಲು ಹೊರಟರೆ ಆಕೆ ಕೆಎಸ್‌ಎಚ್ ಇಟ್ಟುಕೊಂಡ ಲಕ್ಷ್ಮಿಯೋ ಎಕ್ಸ್ ಇಟ್ಟುಕೊಂಡ ಲಕ್ಷ್ಮಿಯೋ ತಿಳಿಯದು. ಗೀತಾ ಎಚ್ ಇರುವವಳೋ ಇಲ್ಲದವಳೋ? ಸತೀಶನಿಗೆ ಎಚ್ ಒಂದೋ ಎರಡೋ? ಡೈರೆಕ್ಟರಿಯಲ್ಲಿ ‘ಆಂಬಿಗ್ಯುವಸ್ ನೇಮ್ ರೆಸಲ್ಯೂಷನ್’ ಅಂತ ಒಂದು ಸೌಲಭ್ಯವಿದೆ, ಸಂದಿಗ್ಧ ಹೆಸರನ್ನು ಬಿಡಿಸುತ್ತದಂತೆ. ಅದು ನೋಡುವುದು ಮೊದಲ ಅಕ್ಷರಗಳು ಕೂಡುತ್ತವೆಯೇ ಅಂತ. ಕೆಎಸ್‌ಎಚ್ ಲಕ್ಷ್ಮಿಯನ್ನು ಕೇಳಿದರೆ ಎಕ್ಸ್ ಲಕ್ಷ್ಮಿ ತಲೆಯೆತ್ತುವುದಿಲ್ಲ. ಪಕ್ಕದ ಟೇಬಲ್ಲಿನವಳನ್ನು ಕೇಳಿದರೆ ಕ್ಷಣದಲ್ಲಿ ಹೇಳುತ್ತಾಳೆ: ‘ಯಾವ ಲಕ್ಷ್ಮಿ? ಪೇರೋಲ್ ಲಕ್ಷ್ಮೀನಾ, ಉದ್ದ ಜಡೆ ಲಕ್ಷ್ಮೀನಾ?’ ಜಡೆಯ ಉದ್ದಕ್ಕೆ ಡೈರೆಕ್ಟರಿಯಲ್ಲಿ ಜಾಗವಿಲ್ಲ.

ಒಂದೇ ಹೆಸರಿನವರು ಇಬ್ಬರಾದರೆ ಸ್ಕ್ರಿಪ್ಟು ಎರಡನೆಯವನಿಗೆ ಬಾಲದಲ್ಲಿ ಒಂದು ಅಂಕಿ ಸೇರಿಸುತ್ತದೆ. ಮಂಜುನಾಥ್1, ಮಂಜುನಾಥ್2. ದೊಡ್ಡ ಕಂಪನಿಯಾದರೆ ಈ ವಂಶವೃಕ್ಷ ಬೆಳೆಯುತ್ತಲೇ ಹೋಗುತ್ತದೆ. ಅನುಭವಸ್ಥರು 420 ಬಂದಾಗ ಹಾರಿಸಲು ಸ್ಕ್ರಿಪ್ಟಿನಲ್ಲೇ ಒಂದು ಸಾಲು ಬರೆದಿಡುತ್ತಾರೆ, ಯಾರಿಗೆ ಬೇಕು ಅವಮಾನ? 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ವಂಚನೆಯ ಸೆಕ್ಷನ್ 318. ಅದನ್ನೂ ಹಾರಿಸಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕಾನೂನು ಬದಲಾದರೂ ಬೈಗುಳ ಬದಲಾಗಿಲ್ಲವಲ್ಲ!

ಇಷ್ಟೆಲ್ಲ ಪಾಡು ಪಟ್ಟು ಒಂದು ಹೆಸರು ಕೊಟ್ಟರೆ, ಯಂತ್ರ ಆ ಒಬ್ಬ ಮನುಷ್ಯನನ್ನು ಒಂದೇ ಹೆಸರಿನಿಂದ ಕರೆಯುತ್ತದೆಯೇ? ಎಲ್ಲಿ ಬಂತು! ಒಂದು ಕಡೆ ಡೊಮೈನಿನ ಹೆಸರು, ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಖಾತೆಯ ಹೆಸರು. ಇನ್ನೊಂದು ಕಡೆ ಇಮೇಲಿನಂತೆ ನಡುವೆ @. ಮತ್ತೊಂದು ಕಡೆ ಪೂರ್ಣ ವಿಳಾಸದ ಹೆಸರು: ಇಂಥ ವ್ಯಕ್ತಿ, ಅಲ್ಪವಿರಾಮ, ಇಂಥ ವಿಭಾಗ, ಅಲ್ಪವಿರಾಮ, ಇಂಥ ಊರು, ಅಲ್ಪವಿರಾಮ, ಇಂಥ ಕಂಪನಿ. ಹೆಸರಿನೊಳಗೇ ಅಲ್ಪವಿರಾಮವಿದ್ದರೆ ಅದರ ಹಿಂದೆ ಮತ್ತೆ ಆ ವಾಲಿದ ಗೆರೆ. ಒಂದು ಪ್ರೋಗ್ರಾಮು ಮೊದಲನೆಯದನ್ನು ಕೇಳುತ್ತದೆ, ಇನ್ನೊಂದಕ್ಕೆ ಮೂರನೆಯದೇ ಬೇಕು. ಹಾಗಾಗಿ ಅಡ್ಮಿನ್ನಿನ ಸ್ಕ್ರಿಪ್ಟುಗಳಲ್ಲಿ ಅರ್ಧಕ್ಕರ್ಧ ಒಂದು ಹೆಸರನ್ನು ಇನ್ನೊಂದಾಗಿ ಮಾಡುವ ಕಸರತ್ತೇ. ವಿಬಿಸ್ಕ್ರಿಪ್ಟ್ ಕಾಲದಲ್ಲಿ ಇದಕ್ಕೆಂದೇ ನೇಮ್‌ಟ್ರಾನ್ಸ್‌ಲೇಟ್ ಅಂತ ಒಂದು ವಸ್ತುವಿತ್ತು. ಅದರದೇ ಲೆಕ್ಕದ 3ನೇ ಬಗೆಯ ಹೆಸರು ಕೊಟ್ಟು 1ನೇ ಬಗೆಯದನ್ನು ಬೇಡಬೇಕು. ಯಾವ ಅಂಕಿ ಯಾವ ಬಗೆ ಎಂಬುದು ಬಾಯಿಪಾಠವಿದ್ದವನೇ ಗುರು. 2006ರ ಕೊನೆಗೆ ಪವರ್‌ಶೆಲ್ ಬಂತು, ಇನ್ನು ಕೆಲವು ವರ್ಷಕ್ಕೆ ಗೆಟ್-ಎಡಿಯೂಸರ್ ಬಂತು, ಹೆಸರು ಕೇಳಿದರೆ ಸರಳವಾಗಿ ಕೊಡುತ್ತದೆ. 1996ರಲ್ಲಿ ಹುಟ್ಟಿದ ವಿಬಿಸ್ಕ್ರಿಪ್ಟಿಗೆ 2023ರಲ್ಲಿ ಮೈಕ್ರೋಸಾಫ್ಟ್ ನಿವೃತ್ತಿ ಸೂಚನೆಯನ್ನೂ ಕೊಟ್ಟಾಯಿತು. ಆದರೆ ಯಾವುದೋ ಸರ್ವರಿನ ಮೂಲೆಯಲ್ಲಿ, ಬರೆದವನು ಕೆಲಸ ಬಿಟ್ಟು ಹೋದ ಮೇಲೂ, ಪ್ರತಿ ರಾತ್ರಿ ಎರಡು ಗಂಟೆಗೆ ಎದ್ದು ಓಡುವ ವಿಬಿಸ್ಕ್ರಿಪ್ಟು ಎಲ್ಲ ಕಂಪನಿಯಲ್ಲೂ ಒಂದಾದರೂ ಇರುತ್ತದೆ. ಅದು ಏನು ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲ, ನಿಲ್ಲಿಸಲು ಯಾರಿಗೂ ಧೈರ್ಯವಿಲ್ಲ.

ಈಗ ಗುಟ್ಟು ಹೇಳುತ್ತೇನೆ, ಹತ್ತಿರ ಬನ್ನಿ. ಈ ಹೆಸರುಗಳಲ್ಲಿ ಯಾವುದನ್ನೂ ಯಂತ್ರ ನಂಬುವುದಿಲ್ಲ. ಎಲ್ಲ ನಮ್ಮ ಸಮಾಧಾನಕ್ಕೆ. ಒಳಗೊಳಗೆ ಅದು ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇಟ್ಟುಕೊಂಡಿರುತ್ತದೆ. ಸಿಡ್ ಅಂತ ಅದರ ಹೆಸರು, ಎಸ್-1-5-21 ಅಂತ ಶುರುವಾಗಿ ರೈಲಿನ ಹಾಗೆ ಉದ್ದಕ್ಕೆ ಹೋಗುತ್ತದೆ. ಕೊನೆಯ ಡಬ್ಬಿಯಲ್ಲಿ 500 ಇದ್ದರೆ ಅವನು ಮೂಲ ಅಡ್ಮಿನಿಸ್ಟ್ರೇಟರ್, 501 ಇದ್ದರೆ ಅತಿಥಿ. ನಮ್ಮ ನಿಮ್ಮಂಥವರಿಗೆ 1000ದಿಂದ ಮೇಲೆ. ಕಳ್ಳರ ಕಣ್ಣು ತಪ್ಪಿಸಲು ಅಡ್ಮಿನಿಸ್ಟ್ರೇಟರ್ ಖಾತೆಗೆ ಗುಂಡಪ್ಪ ಅಂತ ಹೆಸರಿಡುವವರಿದ್ದಾರೆ. ಬಲ್ಲ ಕಳ್ಳ ಹೆಸರು ನೋಡುವುದಿಲ್ಲ, ಕೊನೆಯ 500 ನೋಡಿ ‘ನಮಸ್ಕಾರ ಗುಂಡಪ್ಪನವರೇ’ ಅನ್ನುತ್ತಾನೆ.

ಮದುವೆಯಾಗಿ ಹೆಸರು ಬದಲಿಸಿಕೊಳ್ಳುವ ಹೆಣ್ಣುಮಕ್ಕಳ ಪ್ರಸಂಗದಲ್ಲಿ ಈ ಸಂಖ್ಯೆಯ ಮಹಿಮೆ ಕಾಣಬೇಕು. ಎಚ್‌ಆರ್ ಕಾಗದ ಕಳಿಸುತ್ತದೆ, ಸ್ಕ್ರಿಪ್ಟು ಖಾತೆಯ ಹೆಸರು, ಇಮೇಲು, ತೋರುವ ಹೆಸರು ಎಲ್ಲವನ್ನೂ ಗಂಡನ ಮನೆಯದಾಗಿ ಬದಲಿಸುತ್ತದೆ. ಸಂಖ್ಯೆ ಕದಲುವುದಿಲ್ಲ, ಆದ್ದರಿಂದ ಹಳೆಯ ಫೈಲುಗಳೆಲ್ಲ ಮೊದಲಿನಂತೆಯೇ ತೆರೆದುಕೊಳ್ಳುತ್ತವೆ. ಆದರೆ ಸಿ ಡ್ರೈವಿನಲ್ಲಿರುವ ಆಕೆಯ ಸ್ವಂತ ಫೋಲ್ಡರಿನ ಹೆಸರು ತಾನಾಗಿ ಬದಲಾಗುವುದಿಲ್ಲ. ಲ್ಯಾಪ್‌ಟಾಪು ಬದಲಾಗುವವರೆಗೂ ಅಲ್ಲಿ ತವರುಮನೆಯ ಹೆಸರೇ. ಯಾವ ಅತ್ತೆಯ ಕೈಗೂ ಸಿಗದ ಜಾಗ.

ಸಂಖ್ಯೆಯ ಮರ್ಮ ತಿಳಿಯದವರು ಮಾಡುವ ಕೆಲಸ ಇನ್ನೊಂದಿದೆ. ‘ಅಯ್ಯೋ, ಖಾತೆ ಅಳಿಸಿಹೋಯ್ತಾ? ಅದೇ ಹೆಸರಲ್ಲಿ ಇನ್ನೊಂದು ಮಾಡಿಕೊಡಿ ಸಾರ್’. ಅದೇ ಹೆಸರು, ಅದೇ ಇಮೇಲು, ಅದೇ ಮನುಷ್ಯ. ಆದರೂ ಯಂತ್ರ ಗುರುತು ಹಿಡಿಯುವುದಿಲ್ಲ. ಸಂಖ್ಯೆ ಹೊಸತು. ಹತ್ತು ವರ್ಷ ದುಡಿದವನನ್ನು ಅವನದೇ ಫೋಲ್ಡರು ‘ಯಾರು ನೀವು?’ ಅಂತ ಕೇಳುತ್ತದೆ. ಸತ್ತ ಖಾತೆಗೆ ‘ಟೂಂಬ್‌ಸ್ಟೋನ್’ ಅಂತ ಒಂದು ಸ್ಥಿತಿಯಿದೆ, ಸಾಮಾನ್ಯವಾಗಿ 180 ದಿನ ಗೋರಿಯಲ್ಲಿಟ್ಟು ಕಾಯುತ್ತಾರೆ. ಎಬ್ಬಿಸುವುದಿದ್ದರೆ ಅಷ್ಟರೊಳಗೆ ಎಬ್ಬಿಸಬೇಕು, ಮೂಲ ಸಂಖ್ಯೆಯ ಸಮೇತ ಎದ್ದು ಬರುತ್ತದೆ. ‘ನಾನು ಯಾರು’ ಎಂದು ಋಷಿಗಳು ವರ್ಷಗಟ್ಟಲೆ ತಪಸ್ಸು ಮಾಡಿದರು. ನಮ್ಮಲ್ಲಿ ಹೂಆಮ್ಐ ಅಂತ ಟೈಪು ಮಾಡಿ ಎಂಟರ್ ಒತ್ತಿದರೆ ಹೆಸರು ಬರುತ್ತದೆ, ಬಾಲದಲ್ಲಿ ಒಂದು ಗೆರೆ ಹಾಕಿ ಯೂಸರ್ ಅಂತ ಸೇರಿಸಿದರೆ ಸಂಖ್ಯೆಯೂ ಬರುತ್ತದೆ.

ಊರುಗಳ ಹೆಸರಿಗೂ ಇದೇ ಗತಿ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳು ಇಂಗ್ಲಿಷಿನಲ್ಲೂ ಕನ್ನಡದ ಹೆಸರು ಪಡೆದವು. ಬ್ಯಾಂಗಲೋರ್ ಬೆಂಗಳೂರಾಯಿತು, ಬೆಲ್ಗಾಂ ಬೆಳಗಾವಿಯಾಯಿತು. ಬೋರ್ಡು ಬರೆಯುವವರು ಏಣಿ ಹತ್ತಿದರು, ಅಡ್ಮಿನ್ನುಗಳು ಮಾತ್ರ ಕದಲಲಿಲ್ಲ. ಡೈರೆಕ್ಟರಿಯಲ್ಲಿ ಬ್ಯಾಂಗಲೋರ್ ಎಂಬ ವಿಭಾಗದ ಹೆಸರು ಬದಲಿಸಿದರೆ, ಅದರೊಳಗಿರುವ ಪ್ರತಿಯೊಬ್ಬನ ಪೂರ್ಣ ವಿಳಾಸದ ಹೆಸರೂ ಬದಲಾಗುತ್ತದೆ. ಆ ವಿಳಾಸವನ್ನು ಸ್ಕ್ರಿಪ್ಟುಗಳ ಹೊಟ್ಟೆಯೊಳಗೆ ಯಾರು ಎಲ್ಲೆಲ್ಲಿ ನೇರವಾಗಿ ಬರೆದಿದ್ದಾರೋ ದೇವರೇ ಬಲ್ಲ. ಕನ್ನಡಾಭಿಮಾನ ಎದೆಯಲ್ಲಿದೆ ಸ್ವಾಮಿ, ಆದರೆ ತಿಂಗಳ ಕೊನೆಯ ಸಂಬಳದ ಸ್ಕ್ರಿಪ್ಟು ಬ್ಯಾಂಗಲೋರಿನಲ್ಲಿದೆ.

ಹೆಸರಿಡುವುದು ಒಂದು ಕಲೆಯಾದರೆ ಅಳಿಸುವುದು ಇನ್ನೊಂದು. ಕೆಲಸ ಬಿಟ್ಟವರ ಖಾತೆ ಹುಡುಕಲು ‘ಕೊನೆಯ ಸಲ ಯಾವಾಗ ಲಾಗಿನ್ ಆಗಿದ್ದರು’ ಅಂತ ಸ್ಕ್ರಿಪ್ಟು ಕೇಳುತ್ತದೆ. ಕೆಲವು ಖಾತೆಗಳು 1601ರ ಜನವರಿ 1 ಅಂತ ಉತ್ತರ ಕೊಡುತ್ತವೆ! ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದದ್ದೇ 1610ರಲ್ಲಿ, ಈ ಮಹಾಶಯರು ಅದಕ್ಕೂ ಮೊದಲೇ ಬಂದು ಕಂಪ್ಯೂಟರ್ ಮುಟ್ಟಿ ಹೋಗಿದ್ದಾರೆ. ವಿಷಯ ಇಷ್ಟೇ, ವಿಂಡೋಸ್ ಕಾಲವನ್ನು 1601ರಿಂದ ಎಣಿಸುತ್ತದೆ. ಯಾವತ್ತೂ ಲಾಗಿನ್ ಆಗದವರ ಲೆಕ್ಕ ಸೊನ್ನೆ, ಸೊನ್ನೆಯ ತಾರೀಕು 1601. ನಿಜವಾಗಿ ಬರುವವರ ತಾರೀಕೂ ಪೂರ್ತಿ ನಿಜವಲ್ಲ. ಎಲ್ಲ ಸರ್ವರುಗಳಿಗೂ ಹಂಚಿಕೆಯಾಗುವ ಲಾಗಿನ್ ದಾಖಲೆ ಎರಡು ವಾರದಷ್ಟು ಹಿಂದೆ ಬಿದ್ದಿರಬಹುದು. ನಿನ್ನೆ ನಿಮ್ಮೊಡನೆ ಊಟ ಮಾಡಿದವನನ್ನು ಹದಿನೈದು ದಿನದಿಂದ ಕಾಣೆಯಾಗಿದ್ದಾನೆ ಅಂತ ಅದು ವರದಿ ಮಾಡುತ್ತದೆ. ಪುಟ ಮಾಡಿ ಕೊಡು ಅಂತ ಹೇಳದೆ ಕೇಳಿದರೆ ಡೈರೆಕ್ಟರಿ ಒಮ್ಮೆಗೆ 1000 ಹೆಸರಷ್ಟೇ ಕೊಟ್ಟು ಸುಮ್ಮನಾಗುತ್ತದೆ. ನಮ್ಮಲ್ಲಿ ಸರಿಯಾಗಿ 1000 ಜನ ಇದ್ದಾರೆ ಅಂತ ಯಾರಾದರೂ ಮ್ಯಾನೇಜರ್ ಹೆಮ್ಮೆಯಿಂದ ಹೇಳಿದರೆ, ಕೈಕುಲುಕುವ ಮೊದಲು ಸ್ಕ್ರಿಪ್ಟು ನೋಡಿ.

ಸ್ವಚ್ಛತೆಯ ಹುಮ್ಮಸ್ಸಿನಲ್ಲಿ ನಿಷ್ಕ್ರಿಯ ಖಾತೆಗಳನ್ನೆಲ್ಲ ಗುಡಿಸುವವರಿಗೆ ಒಬ್ಬ ಮಾತ್ರ ಜಗ್ಗುವುದಿಲ್ಲ. ಅವನ ಹೆಸರು ಕೆಆರ್‌ಬಿಟಿಜಿಟಿ. ಸ್ವರವೇ ಇಲ್ಲ, ಬರೀ ವ್ಯಂಜನ. ಕನ್ನಡದ ಬಾಯಿಗೆ ಬರುವ ಮಾತೇ ಅಲ್ಲ. ಸದಾ ನಿಷ್ಕ್ರಿಯ, ಯಾವತ್ತೂ ಲಾಗಿನ್ ಆಗುವುದಿಲ್ಲ, ಸಂಖ್ಯೆಯ ಕೊನೆಗೆ 502. ಆದರೆ ಇಡೀ ಕಂಪನಿಗೆ ಒಳಬರುವ ಟಿಕೇಟುಗಳಿಗೆ ಬೀಳುವ ಗುಪ್ತಮುದ್ರೆ ಇವನದೇ ಕೀಲಿಯಿಂದ. ಎಂಐಟಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಕೆರ್ಬರಾಸ್ ಪದ್ಧತಿಯಿದು, ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು. ಇವನನ್ನು ಅಳಿಸಲು ಬರುವುದಿಲ್ಲ, ಹೆಸರು ಬದಲಿಸಲೂ ಬರುವುದಿಲ್ಲ. ಏನೂ ಮಾಡದಂತೆ ಕಾಣುತ್ತಾ ಯಾರೂ ತೆಗೆಯಲಾಗದಂತೆ ಕೂತವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಇವನೊಬ್ಬನೇ ಅವರಲ್ಲಿ ಕೆಲಸ ಮಾಡುವವನು.

ಹೀಗಿರುವಾಗ ಬುದ್ಧಿವಂತರು ಒಂದು ದಾರಿ ಹೇಳುತ್ತಾರೆ: ಖಾತೆಯ ಹೆಸರಿನಲ್ಲಿ ಅರ್ಥವನ್ನೇ ಇಡಬೇಡಿ. ಗುತ್ತಿಗೆಯವರಿಗೆ ಹಿಂದೊಂದು ಅಕ್ಷರ, ತರಬೇತಿಯವರಿಗೆ ಇನ್ನೊಂದು ಅಂತ ಇಟ್ಟರೆ, ಗುತ್ತಿಗೆಯವನು ಕಾಯಂ ಆದ ದಿನ ಹೆಸರೇ ಸುಳ್ಳಾಗುತ್ತದೆ. ಎಲ್ಲರಿಗೂ ಅರ್ಥವಿಲ್ಲದ ಒಂದು ಸಂಖ್ಯೆ ಕೊಟ್ಟುಬಿಡಿ. ಕರೆಯುವ ಹೆಸರನ್ನು ಅವರನ್ನೇ ಕೇಳಿ, ತೋರುವ ಜಾಗದಲ್ಲಿ ಅವರು ಹೇಳಿದ ಹಾಗೆಯೇ ಬರೆಯಿರಿ. ಸಂಖ್ಯೆಗೆ ಊರಿಲ್ಲ, ಕೊಂಬಿಲ್ಲ, ಮದುವೆಯಿಲ್ಲ. ಯಂತ್ರ ಒಳಗೆ ಮಾಡುವುದನ್ನೇ ನಾವು ಹೊರಗೂ ಮಾಡಿದ ಹಾಗೆ. ಇದಕ್ಕಿಂತ ಸರಿಯಾದ ಮಾತಿಲ್ಲ, ನಾನು ಪೂರ್ತಿ ಒಪ್ಪುತ್ತೇನೆ.

ಎಚ್‌ಆರ್ ಕೂಡ ಒಪ್ಪಿತು ಅಂತಲೇ ಇಟ್ಟುಕೊಳ್ಳಿ. ಮೊದಲ ಏಟು ಎಕ್ಸೆಲ್ಲಿನದು. 00412 ಅಂತ ತುಂಬಿದರೆ ಮುಂದಿನ ಸೊನ್ನೆಗಳನ್ನು ನುಂಗಿ 412 ಅನ್ನುತ್ತದೆ. ಅದನ್ನು ಹೇಗೋ ಸರಿಮಾಡಬಹುದು. ಎರಡನೆಯ ಏಟು ಎಂಡಿ ಸಾಹೇಬರದು. ನಿಯಮ ಎಲ್ಲರಿಗೂ ಒಂದೇ, ಆದರೆ ಅವರಿಗೆ ಮಾತ್ರ 1ನೇ ನಂಬರು. ಹೆಸರಿಡುವ ಎಲ್ಲ ಸ್ಕ್ರಿಪ್ಟುಗಳಲ್ಲೂ ಎಂಡಿಯವರಿಗೆಂದೇ ಒಂದು ಪ್ರತ್ಯೇಕ ಸಾಲು ಇರುತ್ತದೆ, ಅದು ಇಲ್ಲೂ ಬಂತು. ಅಷ್ಟು ಹೊತ್ತಿಗೆ ಸುದ್ದಿ ಹರಡಿರುತ್ತದೆ. ಆರ್‌ಟಿಓದಲ್ಲಿ ಫ್ಯಾನ್ಸಿ ನಂಬರನ್ನು ಹರಾಜಿನಲ್ಲಿ ಕೊಳ್ಳುವ ಊರಿದು. ಮಾರ್ಕೆಟಿಂಗಿನವರಿಗೆ 9999 ಬೇಕು. ಅಕೌಂಟ್ಸ್ ಮೇಡಂ 1008 ಬಿಟ್ಟರೆ ಬೇಡ ಅನ್ನುತ್ತಾರೆ. ಇನ್ನೊಬ್ಬರು ಕೂಡಿದರೆ ಎಂಟು ಬರುವ ಸಂಖ್ಯೆ ಯಾವುದೂ ಆಗದು, ಜ್ಯೋತಿಷಿಗಳು ಬೇಡ ಅಂದಿದ್ದಾರೆ ಅಂತ ಟಿಕೆಟ್ ಹಾಕುತ್ತಾರೆ. ಎರಡೇ ತಿಂಗಳಿಗೆ ಜನ ಅರ್ಥವಿಲ್ಲದ ಸಂಖ್ಯೆಗೆ ಜಾತಿ, ಜಾತಕ, ಅಂತಸ್ತು ಎಲ್ಲ ಕೊಟ್ಟು ಅದನ್ನೂ ಒಂದು ಹೆಸರು ಮಾಡಿಬಿಟ್ಟಿರುತ್ತಾರೆ. ಕೃತಕ ಬುದ್ಧಿಮತ್ತೆ ಬಂದು ಸಿಸ್ಟಂ ಅಡ್ಮಿನ್ನುಗಳ ಕೆಲಸ ಹೋಗುತ್ತದಂತೆ, ಹೌದೇ ಅಂತ ನೆಂಟರು ಕನಿಕರದಿಂದ ಕೇಳುತ್ತಾರೆ. ಸ್ಕ್ರಿಪ್ಟು ಅದು ಬರೆದೀತು, ನನಗಿಂತ ಚೆನ್ನಾಗಿಯೇ ಬರೆದೀತು. 1008 ಖಾಲಿಯಿಲ್ಲ ಮೇಡಂ ಅಂತ ಅಕೌಂಟ್ಸ್ ಮೇಡಂಗೆ ಹೇಳುವುದಕ್ಕೆ ಒಬ್ಬ ಮನುಷ್ಯ ಬೇಕೇ ಬೇಕು.